ಉಳಿದ ಒಂದೇ ಮಾತು

ಗೋಡೆಗೆ ಒರಗಿಸಿ ಕೂರಿಸಿದ್ದ ಮಾವನ ಹೆಣದ ಹಣೆಗೆ ದಾಕ್ಷಾಯಣಮ್ಮ ವಿಭೂತಿ ಬಳಿಯುತ್ತಿದ್ದಾಗ ಚನ್ನರಾಯಪಟ್ಟಣದಿಂದ ನಾದಿನಿ ನೀಲಾಂಬಿಕೆ ಬಂದಳು. ಇದ್ದಿಲು ಉರಿಸಿ ಓಡಿಸುವ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟು ನಿಂತಿತ್ತಂತೆ, ಮುಖವೆಲ್ಲ ಮಸಿ. ಅವಳು ಅಳಲಿಲ್ಲ. ಅಪ್ಪನ ಕಾಲ ಬಳಿ ಕೂತು, ಆ ಮುಖವನ್ನೇ ನೋಡುತ್ತ ಕೇಳಿದಳು.

“ಮೂರ್ ತಿಂಗ್ಳು ಮಲಗಿದ್ರಂತೆ. ಒಂದ್ಸಲಾನೂ ನನ್ನ ಕೇಳ್ಲಿಲ್ವಾ ಅತ್ಗೆ?”

ದಾಕ್ಷಾಯಣಮ್ಮ ಬಾಯಿ ತೆರೆಯುವ ಮೊದಲೇ ಅವಳ ಗಂಡ ಈಶ್ವರಯ್ಯ, ಕರೆಸೋಣವೆಂದರೆ ಅಪ್ಪಯ್ಯನೇ ಬೇಡವೆಂದರು ಎಂದು ತಂಗಿಗೆ ಹೇಳಿಬಿಟ್ಟ. ಅವನಿಗೆ ಹಾಗೆಂದು ಹೇಳಿದವಳು ದಾಕ್ಷಾಯಣಮ್ಮನೇ. ಅವಳ ಕೈ ವಿಭೂತಿಯ ಬಟ್ಟಲಲ್ಲೇ ನಿಂತಿತು.

*

ಮಾವ ಗಂಗಾಧರಯ್ಯನವರು ಅರಕಲಗೂಡಿನ ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದವರು. ಬೆಲ್ಲಕ್ಕಿಂತ ಮಾತನ್ನೇ ಹೆಚ್ಚು ತೂಗಿದವರು. ಅಂಥವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಗೆಯಲ್ಲಿ ಒಂದೇ ಮಾತು ಉಳಿಯಿತು. “ಬ್ಯಾಡ.”

ಹಾಗೆಂದೊಡನೆ ದಾಕ್ಷಾಯಣಮ್ಮ ಗಂಜಿಯ ಲೋಟ ಒಳಗೆ ಒಯ್ಯುತ್ತಿದ್ದಳು. ಮಾವ ಎರಡು ದಿನ ಉಪವಾಸ ಬಿದ್ದರು. ಹಾಸನದಿಂದ ಬಂದ ಡಾಕ್ಟರು ನೋಡಿ ಬಿಡಿಸಿ ಹೇಳಿದರು: ತಲೆಯಲ್ಲಿ ಮಾತು ಜೋಡಿಸುವ ಜಾಗಕ್ಕೆ ಪೆಟ್ಟು ಬಿದ್ದಿದೆ, ಬುದ್ಧಿಗೆ ಬಿದ್ದಿಲ್ಲ, ಹೇಳಬೇಕಾದದ್ದು ಒಳಗೆ ಸರಿಯಾಗಿಯೇ ಇದೆ, ಬಾಯಿಗೆ ಬರುವುದು ಮಾತ್ರ ಸಿಕ್ಕಿಕೊಂಡ ಆ ಒಂದೇ ಮಾತು. ವಿಚಿತ್ರವೆಂದರೆ, ಯಾರಾದರೂ ‘ಓಂ’ ಎಂದು ಎತ್ತಿಕೊಟ್ಟರೆ ‘ನಮಃ ಶಿವಾಯ’ ಎಂದು ಮಾವ ತಪ್ಪಿಲ್ಲದೆ ಮುಗಿಸುತ್ತಿದ್ದರು. ಅಂದಿನಿಂದ ಅವಳು ಮಾವನ ಬಾಯಿಯನ್ನು ನಂಬದೆ ಕಣ್ಣನ್ನು ನೋಡಲು ಕಲಿತಳು. ಬ್ಯಾಡವೆಂದರೂ ಉಣಿಸಿದಳು.

ಕಳೆದ ತಿಂಗಳು ಅವಳೇ ಕೇಳಿದ್ದಳು, ನೀಲಾಳನ್ನು ಕರೆಸಲೇ ಎಂದು. ಮಾವ ಎಡಗೈಯಿಂದ ಅವಳ ಸೆರಗು ಹಿಡಿದುಕೊಂಡರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಬ್ಯಾಡ,” ಎಂದರು. “ಬ್ಯಾಡ, ಬ್ಯಾಡ.”

ಐದು ವರ್ಷದ ಹಿಂದೆ ಇದೇ ನಾದಿನಿ ಹತ್ತು ಜನರ ಮುಂದೆ ಅವಳನ್ನು ಬಂಜೆ ಎಂದು ಆಡಿ ಹೋಗಿದ್ದಳು. ಆ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಇತ್ತು. ದಾಕ್ಷಾಯಣಮ್ಮ ಸೆರಗು ಬಿಡಿಸಿಕೊಂಡು ಎದ್ದಳು. ಆ ಒಂದು ಸಲ ಮಾತ್ರ ಮಾವನ ಬಾಯನ್ನೇ ನಂಬಿದವಳಂತೆ ನಡೆದುಕೊಂಡಳು. ಆಮೇಲೆ ಒಲೆ ಊದಿದರೂ, ನೀರು ಸೇದಿದರೂ ಆ ದನಿ ಬೆನ್ನ ಹಿಂದೆಯೇ ಇರುತ್ತಿತ್ತು. ಮಾವನ ಉಸಿರು ನಿಂತ ಮೇಲೂ ಅದು ನಿಂತಿರಲಿಲ್ಲ.

*

ಮಾವನನ್ನು ಸಮಾಧಿಯ ಗುಣಿಯಲ್ಲಿ ಕೂರಿಸಿ, ಅಂಗೈಗೆ ಲಿಂಗವಿಟ್ಟು, ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಮಣ್ಣು ತೆಗೆದುಕೊಳ್ಳಿ ಎಂದಾಗ ದಾಕ್ಷಾಯಣಮ್ಮನಿಗೆ ತಡೆಯಲಾಗಲಿಲ್ಲ.

“ನೀಲಾ, ಬಾಯಲ್ಲಿ ಬ್ಯಾಡ ಅಂದ್ರು. ಕಣ್ಣಲ್ಲಿ ಕರ್ಸು ಅಂದ್ರು. ನಂಗೆ ಗೊತ್ತಾಗಿತ್ತು ಕಣವ್ವ. ಗೊತ್ತಿದ್ದೂ ಕರೆಸ್ಲಿಲ್ಲ.”

ಈಶ್ವರಯ್ಯ ಹೆಂಡತಿಯನ್ನೇ ದಿಟ್ಟಿಸಿದ. ಅವಳು ನಾದಿನಿಯ ಬೈಗುಳಕ್ಕೆ ಕಾದಳು. ನೀಲಾಂಬಿಕೆ ಅಣ್ಣನ ಭುಜ ಹಿಡಿದು ಗುಣಿಗೆ ಇಳಿದಳು. ಅಪ್ಪನ ಕಿವಿಯ ಹತ್ತಿರ ಬಾಗಿ, “ಬಂದಿವ್ನಿ ಅಪ್ಪಯ್ಯ,” ಎಂದಳು. ಆಮೇಲೆ ತನ್ನ ಕಿವಿಯನ್ನು ಅವರ ತುಟಿಗೆ ಹತ್ತಿರ ತಂದು ಕಾಯುತ್ತ ನಿಂತಳು. ಮೇಲಿದ್ದವರೆಲ್ಲರ ಕೈಯಲ್ಲೂ ಮಣ್ಣು ಹಾಗೇ ಇತ್ತು.