ಮಲಗಿ ನೋಡಿದ ಮನೆ

ತಾಜುನ್ನೀಸಾ ತನ್ನ ಬಾಡಿಗೆ ಮನೆಯ ಅಡುಗೆಕೋಣೆಯ ಗೋಡೆಗೆ ಎರಡನೆಯ ಸಲ ಸುಣ್ಣ ಬಳಿಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಕುಂಟುವ ಸ್ಟೂಲಿನ ಮೇಲೆ ನಿಂತು ಅವಳು ಬ್ರಶ್ಶು ಬೀಸುತ್ತಿದ್ದ ರಭಸ ನೋಡಿದರೆ, ಗೋಡೆಗೆ ಸುಣ್ಣ ಹಚ್ಚುತ್ತಿದ್ದಾಳೋ ಗೋಡೆಯ ಮೇಲೆ ಏಳು ಜನ್ಮದ ಹಗೆ ತೀರಿಸಿಕೊಳ್ಳುತ್ತಿದ್ದಾಳೋ ಹೇಳುವುದು ಕಷ್ಟವಾಗಿತ್ತು. ಹಿತ್ತಿಲ ಕೋಣೆಯಿಂದ ಹೆಂಗಸರ ಅಳು ಬೆಳಗಿನಿಂದಲೂ ಕೇಳುತ್ತಿತ್ತು. ಕುಲ್ಸುಂ ಬೀ ಸತ್ತಿದ್ದಳು.

ಗಂಡ ಏಜಾಜ್ ಅಹಮದ್ ಬಾಗಿಲಲ್ಲಿ ಬಂದು ನಿಂತ. ಶಿರಾ ಗೇಟಿನ ಸೈಕಲ್ ಶಾಪಿನಲ್ಲಿ ಹುಲಿ, ಮನೆಯಲ್ಲಿ ಹೀಗೆ ಬಾಗಿಲಲ್ಲೇ ನಿಲ್ಲುವವನು.

“ತಾಜು, ಕೆಳಗಿಳಿ. ಮಯ್ಯತ್‌ಗೆ ಸ್ನಾನ ಮಾಡಿಸ್ಬೇಕು. ಆ ಕೋಣೇಲಿ ಹಲಗೆ ಹಾಕಿದ್ರೆ ಮನುಷ್ಯರು ನಿಲ್ಲೋಕೆ ಜಾಗ ಇಲ್ಲ. ನಮ್ಮನೇಲಿ ಮಗಳು ಹಸಿ ಬಾಣಂತಿ. ಈ ಮನೆ ಹೆಂಗೂ ಖಾಲಿ ಇದೆ.”

“ಖಾಲಿ ಅಂತ ಯಾರು ಹೇಳಿದ್ದು? ಮಧ್ಯಾಹ್ನ ಕುಣಿಗಲ್‌ನಿಂದ ಕಂಡಕ್ಟರ್ ಅಂಜಿನಪ್ಪ ಸಾಮಾನು ಹೇರ್ಕೊಂಡು ಬರ್ತಾನೆ. ಹೆಣ ತೊಳೆದ ಮನೆ ಅಂತ ಗೊತ್ತಾದ್ರೆ ಅವ್ನೂ ಬರಲ್ಲ, ಅವ್ನ ಹಿಂದೆ ಬೇರೆ ಯಾರೂ ಬರಲ್ಲ.”

“ಮತ್ತೆ ಅವ್ಳನ್ನ ಎಲ್ಲಿಗೆ ಒಯ್ಯೋದು?”

“ಅವ್ಳಿಗೆ ಊರು ತುಂಬಾ ನೆಂಟರಿದಾರಲ್ಲ, ಕೇಳ್ಕೊಳ್ಳಿ.”

ಏಜಾಜ್ ಹೊರಟುಹೋದ. ಹೆಂಡತಿ ಹೇಳಿದ ಕಾರಣ ಸುಳ್ಳಲ್ಲ. ಆದರೆ ಹೇಳದೆ ಉಳಿಸಿಕೊಂಡ ಕಾರಣ ಅವರ ಬಟವಾಡಿ ಬಡಾವಣೆಯ ನೀರಿನ ಟ್ಯಾಂಕಿನಷ್ಟು ದೊಡ್ಡದಿತ್ತು. ಈ ಮನೆಯನ್ನು ಹೊಸಬರಿಗಾಗಿ ತಾಜುನ್ನೀಸಾ ತನ್ನ ಕೈಯಾರೆ ಸಿದ್ಧಮಾಡಿದ್ದು ಇದೇ ಮೊದಲು. ಅಂಜಿನಪ್ಪನ ಹೆಂಡತಿ ಒಳಗೆ ಬಂದು, ಗೋಡೆ ನೋಡಿ, ಒಲೆ ನೋಡಿ, ‘ಮನೆ ಎಷ್ಟು ಚೆನ್ನಾಗಿಟ್ಟಿದೀರಮ್ಮ’ ಎಂದು ತನಗೆ, ತನಗೊಬ್ಬಳಿಗೇ ಹೇಳಬೇಕು. ಅಷ್ಟು ಕೇಳಿದರೆ ತಪ್ಪೇ?

*

ಎಪ್ಪತ್ಮೂರನೇ ಇಸವಿಯಲ್ಲಿ, ಗಂಡ ತೀರಿಕೊಂಡ ಕುಲ್ಸುಂ ಬೀ ಹಾಸಿಗೆ ಹೊಲಿಯುವ ದಬ್ಬಣವೊಂದನ್ನೇ ಆಸ್ತಿಯೆಂದು ಹಿಡಿದುಕೊಂಡು ತಾಜುನ್ನೀಸಾಳ ಹಿತ್ತಿಲ ಕೋಣೆಗೆ ಬಂದಿದ್ದಳು. ಪಕ್ಕದ ಬಾಡಿಗೆ ಮನೆ ಖಾಲಿಯಾದಾಗ, ಯಾರೂ ಹೇಳದೆಯೇ ಪೊರಕೆ ಹಿಡಿದು ಒಳಗೆ ಹೋದಳು. ಒಲೆಯ ಮಸಿಯನ್ನು ತಿಕ್ಕಿದ ತಿಕ್ಕಿಗೆ ಗೋಡೆ ಒಂದು ಬೆರಳು ತೆಳ್ಳಗಾಯಿತು. ಬಾಗಿಲ ಸಂದಿಗೆ ಬಿಟ್ಟ ಸೀಮೆಎಣ್ಣೆಗೆ ಬಟವಾಡಿಯ ತಿಗಣೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೆದ್ದಾರಿ ಹತ್ತಿದವು. ಕೊನೆಗೆ ಯಾರೂ ಮಾಡದ ಒಂದು ಕೆಲಸ ಮಾಡಿದಳು. ಖಾಲಿ ಮನೆಯ ಬರಿ ನೆಲದ ಮೇಲೆ ಚಾಪೆ ಹಾಸಿ ಒಂದು ರಾತ್ರಿ ಮಲಗಿದಳು.

ಮರುದಿನ ಗುಬ್ಬಿಯಿಂದ ಸಿದ್ದಲಕ್ಷ್ಮಮ್ಮ ಸಂಸಾರ ಹೊತ್ತುಕೊಂಡು ಬಂದಳು. ತುಂಬು ಬಸುರಿ. ತವರು ಬಿಟ್ಟು ಬಂದ ದುಃಖದಲ್ಲಿ ಮುಖ ಊದಿತ್ತು.

“ಆ ಮೂಲೇಲಿ ತೊಟ್ಟಿಲು ಕಟ್ಬೇಡ ಕಣಮ್ಮ,” ಎಂದಳು ಕುಲ್ಸುಂ ಬೀ. “ಬೆಳಗಿನ ಜಾವ ಕಿಟಕಿ ಗಾಳಿ ನೇರ ಅಲ್ಲಿಗೇ ಬೀಳ್ತದೆ. ಇಲ್ಲಿ ಕಟ್ಟು. ತಿಗಣೆ ಇಲ್ಲ, ಸೋರಲ್ಲ. ನಾನು ಮಲಗಿ ನೋಡಿದೀನಿ.”

ಗುಬ್ಬಿ ಬಿಟ್ಟಮೇಲೆ ಸಿದ್ದಲಕ್ಷ್ಮಮ್ಮ ಮೊದಲ ಸಲ ನಕ್ಕಳು. ಹೊಸಬರಿಗೆಂದು ಚಾ ತಂದು ಹಿಂದೆ ನಿಂತಿದ್ದ ತಾಜುನ್ನೀಸಾಳನ್ನು ಇಬ್ಬರೂ ನೋಡಲಿಲ್ಲ. ಚಾ ಆರಿತು. ಆವತ್ತು ಅವಳ ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚಿನಲ್ಲಿ ಇಡೀ ತುಮಕೂರಿಗೆ ಬಿರಿಯಾನಿ ಬೇಯಿಸಬಹುದಿತ್ತು.

ಅಲ್ಲಿಂದ ಮುಂದೆ ಎಷ್ಟೋ ಸಂಸಾರಗಳು ಬಂದವು, ಹೋದವು. ಹೋಗುವಾಗ ತಾಜುನ್ನೀಸಾಳ ಕೈಗೆ ಬೀಗದ ಕೈ, ಕುಲ್ಸುಂ ಬೀಯ ಹೆಗಲಿಗೆ ಕಣ್ಣೀರು. ಒಂದು ಸಲ ತಾಜುನ್ನೀಸಾ ತಾನೂ ಹಟ ಹಿಡಿದು ಖಾಲಿ ಮನೆಯಲ್ಲಿ ಮಲಗಿದಳು. ಎದೆಯ ಮೇಲೆ ಹಲ್ಲಿ ಬಿತ್ತು. ಓಡಿಬಂದವಳು ಅದನ್ನು ಉಡವೆಂದು ಬೀದಿಗೆಲ್ಲ ಸಾರಿದಳು.

ಈ ಸಲ ಕುಲ್ಸುಂ ಬೀ ಜ್ವರ ಬಂದು ಮಲಗಿದ್ದಳು. ತಾಜುನ್ನೀಸಾ ಒಂದು ರಾತ್ರಿಯನ್ನು ಪೂರ್ತಿ ಖಾಲಿ ಮನೆಯಲ್ಲಿ ಕಳೆದು, ಯುದ್ಧ ಗೆದ್ದ ಸರದಾರನ ಹಾಗೆ ಹಿತ್ತಿಲ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

“ತಿಗಣೆ ಇಲ್ಲ. ಸೋರಲ್ಲ.”

“ಗಾಳಿ?” ಚಾಪೆಯಿಂದ ಕುಲ್ಸುಂ ಬೀ ಕೇಳಿದಳು.

“ಗಾಳಿ ನೋಡ್ಲಿಲ್ಲ. ನಿದ್ದೆ ಬಂತು.”

ಕುಲ್ಸುಂ ಬೀ ನಕ್ಕಳು. ನಗು ಕೆಮ್ಮಾಯಿತು. “ನಿದ್ದೆ ಮಾಡೋಕೆ ಅಲ್ಲ ತಾಜು, ಮಲಗೋದು.”

ತಾಜುನ್ನೀಸಾ ತಿರುಗಿ ಬಂದಳು. ಆಮೇಲೆ ಗಂಜಿ ಕಳಿಸಿದಳು, ಮಾತ್ರೆ ಕಳಿಸಿದಳು. ತಾನು ಹೋಗಲಿಲ್ಲ.

*

ಎಂದೋ ಮನೆ ಬಿಟ್ಟು ಊರಿಗೆ ಮರಳಿದ್ದ ಸಿದ್ದಲಕ್ಷ್ಮಮ್ಮ, ಗುಬ್ಬಿ ಬಸ್ಸಿಳಿದು ಬೀದಿಯ ತುದಿಯಿಂದಲೇ ಅಳುತ್ತ ಬಂದಳು. ಸುಣ್ಣದ ಕೈಯಲ್ಲಿ ಬಾಗಿಲಿಗೆ ಬಂದ ಹಳೆಯ ಮನೆಯೊಡತಿಯನ್ನು ದಾಟಿಕೊಂಡು ನೇರ ಹಿತ್ತಿಲಿಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಬಂದು, “ಚೆನ್ನಾಗಿದೀರಾ ತಾಜಮ್ಮ?” ಎಂದಳು. ಆ ಪ್ರಶ್ನೆಯನ್ನು ತಾಜುನ್ನೀಸಾ ಭಿಕ್ಷೆಗೆ ಹಾಕಿದ ಚಿಲ್ಲರೆಯ ಹಾಗೆ ಸ್ವೀಕರಿಸಿದಳು.

ಅಷ್ಟರಲ್ಲಿ ಎದುರು ಮನೆಯ ಜಮಾಲುನ್ನೀಸಾ ಬೀದಿ ದಾಟಿ ಬಂದಳು. ಇಡೀ ಓಣಿಗೆ ಕೇಳುವಂತೆ ಮೆಲ್ಲಗೆ ಮಾತಾಡುವ ಕಲೆ ಅವಳಿಗೆ ಗೊತ್ತಿತ್ತು.

“ನೀವು ಯೋಚನೆ ಮಾಡ್ಬೇಡಿ ಏಜಾಜ್ ಭಾಯಿ. ನಮ್ಮ ಮನೆಗೆ ಕರ್ಕೊಂಡು ಬನ್ನಿ. ಪಾಪ, ಇಷ್ಟು ವರ್ಷ ಇನ್ನೊಬ್ರ ಹಿತ್ತಿಲಲ್ಲಿ ಇದ್ದೋಳು. ಕೊನೇಲಾದ್ರೂ ಒಂದು ದೊಡ್ಡ ಮನೆಯಿಂದ ಹೋಗ್ಲಿ.”

ಸಿದ್ದಲಕ್ಷ್ಮಮ್ಮ ಕಣ್ಣೊರೆಸಿಕೊಂಡು, “ನಿಮ್ಗೆ ಪುಣ್ಯ ಬರ್ಲಿ ತಾಯಿ,” ಎಂದಳು.

ಪುಣ್ಯ ಬೀದಿ ದಾಟಿ ಎದುರು ಮನೆಯ ಮೆಟ್ಟಿಲು ಹತ್ತುತ್ತಿರುವುದು ತಾಜುನ್ನೀಸಾಳ ಕಣ್ಣಿಗೆ ಕಾಣಿಸಿಯೇ ಬಿಟ್ಟಿತು. ನಾಳೆಯಿಂದ ಗುಬ್ಬಿ, ಕುಣಿಗಲ್ಲು, ಶೆಟ್ಟಿಹಳ್ಳಿ, ಎಲ್ಲ ಕಡೆಯವರೂ ಕುಲ್ಸುಂ ಬೀ ಜಮಾಲುನ್ನೀಸಾಳ ಮನೆಯಿಂದ ಹೋದಳು ಎನ್ನುತ್ತಾರೆ.

“ನನ್ನ ಮನೆ ಮಯ್ಯತ್‌ನ ನಿನ್ನ ಮನೆಗೆ ಯಾಕೆ ಒಯ್ಬೇಕು?” ಎಂದಳು. “ಹಲಗೆ ಇಲ್ಲಿ ಹಾಕಿ. ನಡುಮನೇಲಿ.”

“ಸುಣ್ಣ ಇನ್ನೂ ಹಸಿ ಇದೆಯಲ್ಲ ಆಪಾ,” ಎಂದಳು ಜಮಾಲುನ್ನೀಸಾ.

“ನನ್ನ ಸುಣ್ಣ, ನನ್ನ ಹಸಿ.”

ಏಜಾಜ್ ಹೆಂಡತಿಯ ಮುಖ ನೋಡಿದ. ಮನಸ್ಸು ಬದಲಾಯಿಸಿಯಾಳೆಂದು ಓಡುತ್ತಲೇ ಹೋಗಿ ಹಲಗೆ ತರಿಸಿದ.

ಕುಲ್ಸುಂ ಬೀಯನ್ನು ತಂದು ನಡುಮನೆಯಲ್ಲಿ ಮಲಗಿಸಿದರು. ಎಲಚಿ ಎಲೆ ಹಾಕಿ ನೀರು ಕಾಯಿಸಿದರು. ಜಮಾಲುನ್ನೀಸಾ ತಂಬಿಗೆಗೆ ಕೈಹಾಕುವ ಮೊದಲೇ ತಾಜುನ್ನೀಸಾ ಅದನ್ನು ಎತ್ತಿಕೊಂಡಳು.

*

ಅಂಜಿನಪ್ಪನ ಮೆಟಡೋರ್ ಬಂದು ನಿಂತಾಗ ಒಳಗೆ ಸ್ನಾನ ನಡೆದಿತ್ತು. ಮೇಲೆ ಮಂಚ, ಟ್ರಂಕು, ಒರಳು, ಅದರ ಮಧ್ಯೆ ಕೂಸನ್ನು ಅಪ್ಪಿಕೊಂಡ ಹೆಂಡತಿ ಹನುಮಕ್ಕ. ಅಂಜಿನಪ್ಪ ಬಾಗಿಲಲ್ಲಿ ಗುಂಪು ನೋಡಿ, ವಿಷಯ ತಿಳಿದು, ಡ್ರೈವರಿಗೆ ಗಾಡಿ ತಿರುಗಿಸಲು ಕೈ ಮಾಡಿದ.

“ನಿಲ್ಲಪ್ಪ,” ಎಂದಳು ಸಿದ್ದಲಕ್ಷ್ಮಮ್ಮ. “ಸತ್ತಿದ್ದು ಈ ಮನೇಲಲ್ಲ, ಹಿತ್ತಿಲಲ್ಲಿ. ಈ ಮನೇಲಿ ನಾನು ಎರಡು ಮಕ್ಕಳು ಹೆತ್ತಿದೀನಿ. ಯಾರೇ ಬರ್ಲಿ, ಮೊದ್ಲು ಅವ್ಳು ಬಂದು ಮಲಗಿ ನೋಡೋಳು. ಅವ್ಳು ಮಲಗೆದ್ದ ಮನೇಲಿ ಯಾರ್ಗೂ ಕೆಟ್ಟದ್ದಾಗಿಲ್ಲ.”

“ಈ ಸಲ ಎದ್ದಿಲ್ವಲ್ಲಮ್ಮ,” ಎಂದ ಅಂಜಿನಪ್ಪ.

ಸಿದ್ದಲಕ್ಷ್ಮಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಅವಳು ನಕ್ಕದ್ದು ನೋಡಿ ಹನುಮಕ್ಕ ಕೆಳಗಿಳಿದಳು. ಅಷ್ಟು ಹೊತ್ತಿಗೆ ಒಳಗಿನಿಂದ ಯಾರೋ ನೀರು ಸಾಲದೆಂದು ಕೂಗಿದರು. ಹನುಮಕ್ಕ ಕೂಸನ್ನು ಗಂಡನ ಕೈಗೆ ಕೊಟ್ಟು, ಗಾಡಿಯಿಂದ ತನ್ನದೇ ಕೊಡ ಎಳೆದುಕೊಂಡು ಬೋರ್‌ವೆಲ್ಲಿಗೆ ಹೋದಳು. ಹಿಡಿ ಒತ್ತಿದ ರಭಸಕ್ಕೆ ಪಾತಾಳವೇ ಮೇಲೆ ಬಂದಿತು ಎನ್ನಬೇಕು. ಮೋರಿಯ ಪಕ್ಕದ ಡ್ರಮ್ಮು ತುಂಬಿ ತುಳುಕಿತು.

ತಾಜುನ್ನೀಸಾ ಖಾಲಿ ಬಕೆಟ್ಟು ಹಿಡಿದು ಹಿಂಬಾಗಿಲಿಗೆ ಬಂದಾಗ ಹೊಸ ಬಾಡಿಗೆಯವಳು ಹಳೆಯ ಬಾಡಿಗೆಯವಳ ಪಕ್ಕ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು.

“ತೊಟ್ಟಿಲು ಎಲ್ಲಿ ಕಟ್ಬೇಕು ಅಂದಿದ್ರು ಅವ್ರು?” ಎಂದು ಕೇಳುತ್ತಿದ್ದಳು.

ಮನೆ ಹೇಗಿದೆ ಎಂದು ಒಂದು ಮಾತಿಲ್ಲ. ಸುಣ್ಣ ಯಾರು ಬಳಿದರು ಎಂದು ಒಂದು ಮಾತಿಲ್ಲ. ಹೊಸ್ತಿಲು ದಾಟುವ ಮೊದಲೇ ಇವಳೂ ಕುಲ್ಸುಂ ಬೀ ಕಡೆಯವಳಾಗಿ ಹೋಗಿದ್ದಳು. ತಾಜುನ್ನೀಸಾ ಬಕೆಟ್ಟು ತುಂಬಿಕೊಂಡು ಒಳಗೆ ಹೋಗಿ, ಹಲಗೆಯ ಮೇಲಿನ ಶಾಂತ ಮುಖಕ್ಕೆ ಹೇಳಿದಳು: “ತಗೋ. ಅವ್ಳೂ ನಿನ್ನೋಳೇ.” ಜಮಾಲುನ್ನೀಸಾ ಅದನ್ನು ಪ್ರಾರ್ಥನೆಯೆಂದು ತಿಳಿದು ಆಮೀನ್ ಎಂದಳು.

ಗಂಡಸರು ಜನಾಜಾ ಎತ್ತಿ ಖಬರಸ್ತಾನದ ಕಡೆಗೆ ಹೊರಟರು. ಅಂಜಿನಪ್ಪನೂ ಬೀದಿಯ ತಿರುವಿನವರೆಗೆ ಹೆಗಲು ಕೊಟ್ಟು ಬಂದ. ಹೆಂಗಸರು ಮನೆ ತೊಳೆಯಲು ಪೊರಕೆ ಹಿಡಿದು ಎದ್ದರು. ಸಿದ್ದಲಕ್ಷ್ಮಮ್ಮ ನಡುಮನೆ ನನ್ನದೆಂದಳು. ಹನುಮಕ್ಕ ಇನ್ನು ಮನೆ ನಮ್ಮದಲ್ಲವೇ ಎಂದಳು. ಜಮಾಲುನ್ನೀಸಾ ಆಗಲೇ ಸೆರಗು ಸಿಕ್ಕಿಸಿದ್ದಳು.

ತಾಜುನ್ನೀಸಾ ಒಬ್ಬೊಬ್ಬರ ಕೈಯಿಂದಲೂ ಪೊರಕೆ ಕಸಿದುಕೊಂಡಳು. “ಯಾರೂ ಮುಟ್ಬೇಡಿ,” ಎಂದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಮೆಟಡೋರಿನಿಂದ ಮಂಚ ಇಳಿಯಿತು. ಟ್ರಂಕು ಇಳಿಯಿತು. ಕೂಸು ಅತ್ತು ಮಲಗಿತು.

“ಬಾಗಿಲು ತೆಗೀರಿ ತಾಜಮ್ಮ,” ಸಿದ್ದಲಕ್ಷ್ಮಮ್ಮ ತಟ್ಟಿದಳು. “ಅವ್ರು ಹಾಲು ಉಕ್ಕಿಸ್ಬೇಕಂತೆ.”

“ಇನ್ನೂ ಆಗಿಲ್ಲ.”

ಗೋಡೆಯ ತೂತಿನಿಂದ ಮೋರಿಗೆ ನೀರು ಬೀಳುತ್ತಿತ್ತು. ಮೊದಲು ಸುಣ್ಣದ ಬಿಳಿ ನೀರು ಬಂತು, ಆಮೇಲೆ ಎಲಚಿ ಎಲೆಯ ಚೂರುಗಳು ಬಂದವು, ಆಮೇಲೆ ತಿಳಿನೀರು. ತಿಳಿನೀರು ಬರತೊಡಗಿ ಬಹಳ ಹೊತ್ತಾದರೂ ಒಳಗೆ ತಂಬಿಗೆ ಮುಳುಗುವ ಸದ್ದು ನಿಲ್ಲಲಿಲ್ಲ. ಮೋರಿ ತುಂಬಿ, ನೀರು ಬೀದಿಗೆ ಹರಿದು, ಇಳಿಸಿಟ್ಟ ಸಾಮಾನಿನ ಕಡೆಗೆ ಬಂತು. ಹನುಮಕ್ಕ ಹಾಸಿಗೆಯ ಸುರುಳಿಯನ್ನು ಎತ್ತಿ ಟ್ರಂಕಿನ ಮೇಲಿಟ್ಟು ಕಾಯುತ್ತ ಕುಳಿತಳು.