ಗಲೆಬೊಯೆಯ ವಿಮಾನದ ಶ್ರುತಿ

ನಮ್ಮೂರು ಲೊಬಾತ್ಸೆಯಲ್ಲಿ ಚರ್ಚಿನ ಹಿಂದೆಯೇ ಬಯಲು. ಶನಿವಾರ ನಾವು ಹೆಂಗಸರು ಹಾಡಿನ ಅಭ್ಯಾಸಕ್ಕೆ ಕೂಡುವ ಹೊತ್ತಿಗೇ ಗಲೆಬೊಯೆ ಅಲ್ಲಿ ರಿಮೋಟ್ ವಿಮಾನ ಹಾರಿಸುತ್ತಿದ್ದರು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ವಿಮಾನ ತೋಳುದ್ದದ್ದು, ಅದರ ಇಂಜಿನ್ನಿನ ಕಿರುಚಾಟ ಮಾತ್ರ ಊರಗಲ.

ನಮಗೆ ಹಾಡು ಕಲಿಸುತ್ತಿದ್ದವರು ಸೆಯಿಪೊನೆ. ಅವರ ಕಿವಿ ಎಳ್ಳಷ್ಟು ಅಪಸ್ವರವನ್ನೂ ಸಹಿಸದು. ಒಂದು ದಿನ ನಾವೆಲ್ಲ ವಿಮಾನದ ಶ್ರುತಿಗೇ ಜಾರಿ ಹಾಡುತ್ತಿದ್ದೆವು. ಅದು ಗೊತ್ತಾದದ್ದೇ ತಡ, ಸೆಯಿಪೊನೆ ಬಯಲಿಗೆ ನಡೆದರು. ನಾವೂ ಬೆನ್ನು ಹತ್ತಿದೆವು. ಪುಕ್ಕಟೆ ಜಗಳ ಯಾರಿಗೆ ಬೇಡ?

“ರಾ, ನಿಮ್ಮ ಸೊಳ್ಳೆ ನಮ್ಮ ಹುಡುಗೀರನ್ನ ಹಾದಿ ತಪ್ಪಿಸ್ತಿದೆ!”

“ಸೊಳ್ಳೆ ಅಲ್ಲ ಮ್ಮಾ, ವಿಮಾನ,” ಎಂದರು ಗಲೆಬೊಯೆ. ಜಗಳದಲ್ಲೂ ಇಬ್ಬರೂ ‘ರಾ’, ‘ಮ್ಮಾ’ ಎಂಬ ಗೌರವದ ಕರೆ ಬಿಡಲಿಲ್ಲ.

“ಸೊಳ್ಳೆ ಆಗಿದ್ರೆ ಒಂದೇಟಿಗೆ ಬಾಯಿ ಮುಚ್ತಿತ್ತು. ಇದಕ್ಕೇನು ಮಾಡ್ಲಿ?”

ಗಲೆಬೊಯೆ ನಕ್ಕುಬಿಟ್ಟರು. ಮುಂದಿನ ವಾರ ಇಂಜಿನ್ನಿನ ಗಿಡ್ಡ ಹೊಗೆಕೊಳವೆ ಬಿಚ್ಚಿ, ಉದ್ದನೆಯ ಬಾಗಿದ ಕೊಳವೆಯನ್ನೂ ಅದರ ತುದಿಗೆ ದೊಡ್ಡ ಸೈಲೆನ್ಸರನ್ನೂ ಕೂರಿಸಿ ತಂದರು.

“ಈಗ ಹೇಗಿದೆ?”

“ಈಗ ಜೇನುಹುಳ. ಇನ್ನೊಂಚೂರು ಇಳಿಸಿ.”

ಅವರು ಕೊಳವೆಯನ್ನು ಮತ್ತಷ್ಟು ಉದ್ದ ಮಾಡಿದರು. ನಮ್ಮ ಹಾಡು ದಾರಿಗೆ ಬಂತು. ಆದರೂ ಸೆಯಿಪೊನೆ ಬಯಲಿಗೆ ಹೋಗುವುದು ನಿಲ್ಲಲಿಲ್ಲ! ಹಾರಾಟ ಮುಗಿದ ಮೇಲೆ ರೆಕ್ಕೆಗೆ ಹತ್ತಿದ ಎಣ್ಣೆ ಒರೆಸುವುದು, ಉಳಿದ ಇಂಧನ ಖಾಲಿ ಮಾಡುವುದು, ಇಂಜಿನ್ನಿಗೆ ಎರಡು ಹನಿ ಎಣ್ಣೆ ಬಿಡುವುದು, ಬೋಲ್ಟು ಬಿಗಿಯುವುದು, ಎಲ್ಲವನ್ನೂ ಕಲಿತರು.

“ಮನೇಲಿ ತಟ್ಟೇನೂ ಇಷ್ಟು ಚೆನ್ನಾಗಿ ತೊಳೀತೀರಾ ರಾ?” ಎಂದು ಛೇಡಿಸುವರು.

“ಬಂದು ನೋಡಿ,” ಎನ್ನುವರು ಗಲೆಬೊಯೆ. ನಾವು ಒಬ್ಬರನ್ನೊಬ್ಬರು ಚಿವುಟಿಕೊಳ್ಳುವೆವು.

ರಾಜಧಾನಿ ಗ್ಯಾಬರೋನಿನಿಂದ ಹವ್ಯಾಸಿಗಳೆಲ್ಲ ವಿಮಾನ ತಂದ ದಿನ ಬಯಲಿನ ತುಂಬ ಜನ. ಗಲೆಬೊಯೆಯ ವಿಮಾನ ಮೇಲೆ ಪಲ್ಟಿ ಹೊಡೆಯುತ್ತಿತ್ತು. ಬಾಯಿಗೆ ಬೋಂಡಾ ಇಡಲು ಹೊರಟಿದ್ದ ಸೆಯಿಪೊನೆ ತಟ್ಟನೆ ನಿಂತರು.

“ಸ್ವರ ಏರ್ತಿದೆ! ಇಳಿಸಿ, ಇಳಿಸಿ!”

“ಇದು ಚರ್ಚಿನ ಹಾಡಲ್ಲ ಮ್ಮಾ,” ಎಂದು ಗಲೆಬೊಯೆಯ ಗೆಳೆಯ ಮೋಟ್ಲೋಡಿ ನಕ್ಕರು. ನಮಗೂ ಏನೂ ಬದಲಾದಂತೆ ಕೇಳಿಸಲಿಲ್ಲ. ಗಲೆಬೊಯೆ ಮಾತ್ರ ಎರಡನೇ ಮಾತಾಡದೆ ವಿಮಾನ ಇಳಿಸಿದರು.

ಸೈಲೆನ್ಸರಿನ ಒಂದು ಬೋಲ್ಟು ಕಳಚಿ ಬಿದ್ದಿತ್ತು. ಇನ್ನೊಂದರಲ್ಲಿ ಅದು ಜೋತಾಡುತ್ತಿತ್ತು. ಸೈಲೆನ್ಸರಿನಿಂದ ಇಂಧನದ ಟ್ಯಾಂಕಿಗೆ ಹೋಗಬೇಕಾದ ಹೊಗೆಯ ಒತ್ತಡ ತಪ್ಪಿ, ಇಂಧನ ಸಾಲದೆ, ಇಂಜಿನ್ನು ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿತ್ತು.

“ಇನ್ನೊಂದು ಸುತ್ತು ಹಾಕಿದ್ರೆ ಇಂಜಿನ್ ಸುಟ್ಟೋಗ್ತಿತ್ತು,” ಎಂದ ಮೋಟ್ಲೋಡಿ ಟೋಪಿ ತೆಗೆದರು. “ಬೋಲ್ಟು ಬಿಗಿ ಮಾಡಿದ ಮಹಾನುಭಾವ ಯಾರಪ್ಪಾ?”

ಗಲೆಬೊಯೆ ಆಕಾಶ ನೋಡಿದರು. ಸೆಯಿಪೊನೆ ಒಂದು ಹೆಜ್ಜೆ ಮುಂದೆ ಬಂದರು.

“ನಾನೇ. ಮೆಲ್ಲಗೆ ಬಿಗಿ ಮಾಡಿ ಅಂದ್ರಲ್ಲ ಇವರು!”

ಬಯಲಿಗೆ ಬಯಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಗಲೆಬೊಯೆ, ಧೂಳಲ್ಲೇ ಕುಕ್ಕರಿಸಿ, ಕಣ್ಣೊರೆಸಿಕೊಂಡು.

ಇಂಜಿನ್ ತಣ್ಣಗಾಯಿತು, ಹೊಸ ಬೋಲ್ಟು ಕೂತಿತು. ಅವರು ವಿಮಾನವನ್ನು ಎತ್ತರಕ್ಕೇರಿಸಿ, ರಿಮೋಟನ್ನು ಸೆಯಿಪೊನೆಯ ಕೈಗಿತ್ತರು. ವಿಮಾನ ಅತ್ತಿತ್ತ ವಾಲಾಡಿತು. ಗಲೆಬೊಯೆ ಪಕ್ಕದಲ್ಲೇ ನಿಂತು ಪಿಸುಗುಟ್ಟಿ ಹೇಳಿಕೊಟ್ಟರು. ಕೊನೆಗೊಮ್ಮೆ ಅದು ಗುಡ್ಡದ ಮೇಲೆ ಅಗಲವಾಗಿ, ಸಲೀಸಾಗಿ ತಿರುಗಿತು. ನಾವೆಲ್ಲ ನಾಲಗೆ ಆಡಿಸಿ ಕೇಕೆ ಹಾಕಿದೆವು.

“ಸಾಕು ಮ್ಮಾ, ಕೊಡಿ. ಇಂಧನ ಮುಗಿಯುತ್ತೆ.”

“ಸುಮ್ನಿರಿ ರಾ,” ಎಂದರು ಸೆಯಿಪೊನೆ, ಆಕಾಶದಿಂದ ಕಣ್ಣು ಕೀಳದೆ. “ಈಗ ತಾನೇ ಶುರು ಮಾಡಿದೀನಿ.”