ಅತ್ತೆಯ ದನಿಗೆ ಜೋಡಿ ಡಿಸ್ಕ್

ಧ್ವನಿಮುದ್ರಣದ ಆ ಪುಟ್ಟ ಕೋಣೆಯಲ್ಲಿ ಎಡಿಟರನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಅವನ ಸೋದರತ್ತೆಗೆ ದನಿಯೇ ಹೋಗಿತ್ತು. ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಕಣ್ಣು ಕಾಣದ ಮಕ್ಕಳಿಗಾಗಿ ಅವರು ಅದಕ್ಕೂ ಮೊದಲು ಓದಿಟ್ಟ ಕಥೆಗಳಿದ್ದದ್ದು ಈ ಒಂದು ಕಂಪ್ಯೂಟರಿನಲ್ಲಿ ಮಾತ್ರ. ಡಿಸ್ಕ್ ಕೈಕೊಟ್ಟರೆ ಗತಿಯೇನೆಂದು ಅವನು ಇನ್ನೊಂದನ್ನು ತಂದು ಹೊರಗಿನಿಂದ ಸಿಕ್ಕಿಸಿ, ಸಾಫ್ಟ್‌ವೇರಿನಲ್ಲಿ ಎರಡನ್ನೂ ಜೋಡಿ ಮಾಡಿದ್ದ. ಇನ್ನು ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬೀಳುತ್ತದೆ.

“ಇನ್ನೇನು ಭಯ ಇಲ್ಲ,” ಎಂದ ಅಕ್ಕನಿಗೆ. ಅತ್ತೆಯ ಮೈಕಿನ ಮುಂದೆ ಈಗ ಕೂರುವವಳು ಅವಳೇ.

“ಮತ್ಯಾಕೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯ? ಹೋಗಿ ಉಂಡು ಬಾ.”

ಉಂಡು ಬಂದರೂ ಕೈ ಸುಮ್ಮನಿರಲಿಲ್ಲ. ಅತ್ತೆಯ ಕೆಮ್ಮು, ತಡವರಿಕೆಗಳನ್ನು ಕತ್ತರಿಸಿ ಒಟ್ಟಿದ್ದ ಫೋಲ್ಡರನ್ನು ಅಳಿಸಲು ಹೋಗಿ, ಪಕ್ಕದ್ದನ್ನು ಅಳಿಸಿದ. ಅದೇ ಭರದಲ್ಲಿ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಕಥೆಗಳ ಫೋಲ್ಡರ್ ಕಾಣಲಿಲ್ಲ.

ಇನ್ನೊಂದರಲ್ಲಿದೆಯಲ್ಲ ಎಂದುಕೊಂಡ. ಮರುಕ್ಷಣ ನೆನಪಾಯಿತು: ಜೋಡಿಯಲ್ಲಿ ಬರೆದದ್ದು ಹೇಗೆ ಎರಡರಲ್ಲೂ ಬೀಳುತ್ತದೋ, ಅಳಿಸಿದ್ದೂ ಹಾಗೆಯೇ ಎರಡರಿಂದಲೂ ಹೋಗುತ್ತದೆ.

ಆಗ ಕಣ್ಣಿಗೆ ಬಿತ್ತು ಪರದೆಯ ಮೂಲೆಯ ಕೆಂಪು ಎಚ್ಚರಿಕೆ: ಎರಡನೆಯ ಡಿಸ್ಕ್ ಇಲ್ಲ. ಬಗ್ಗಿ ನೋಡಿದರೆ ಕೇಬಲ್ ನೆಲದ ಮೇಲಿತ್ತು.

“ಅಕ್ಕ, ಇದನ್ನ ಕಿತ್ತವರು ಯಾರು?”

“ನಾನೇ. ದುಂಬಿ ಹೊಕ್ಕ ಹಾಗೆ ಗುಂಯ್ ಅಂತಿತ್ತು, ಮೈಕಲ್ಲೂ ಕೇಳಿಸ್ತಿತ್ತು. ನೀನು ಊಟಕ್ಕೆ ಹೋದ ತಕ್ಷಣ ಕಿತ್ತೆ.”

“ಕೇಳ್ದೆ ಕಿತ್ತುಬಿಡೋದಾ?” ಎನ್ನುತ್ತ ಅವನು ಕೇಬಲ್ ಎತ್ತಿಕೊಂಡ. ಸಿಕ್ಕಿಸಲು ಇನ್ನೊಂದು ಬೆರಳಿನಷ್ಟು ದೂರವಿದ್ದಾಗ ಕೈ ನಿಂತಿತು. ಸಿಕ್ಕಿಸಿದರೆ ಸಾಫ್ಟ್‌ವೇರ್ ಇದನ್ನೂ ಮೊದಲನೆಯದರ ಹಾಗೇ ಮಾಡಿಬಿಡುತ್ತಿತ್ತು. ಕಿತ್ತದ್ದು ಊಟದ ಹೊತ್ತಿಗೆ, ಅಳಿಸಿದ್ದು ಆಮೇಲೆ.

“ಏನಾಯ್ತೋ? ಬೈಯೋದು ಅರ್ಧಕ್ಕೇ ನಿಲ್ಲಿಸಿದೆ?”

“ಉಳಿದದ್ದು ಆಮೇಲೆ ಬೈತೀನಿ. ನಿನ್ನ ಲ್ಯಾಪ್‌ಟಾಪ್ ಕೊಡು.”

ಆ ಡಿಸ್ಕನ್ನು ಓದಲು ಮಾತ್ರ ಬರುವಂತೆ ಲ್ಯಾಪ್‌ಟಾಪಿನಲ್ಲಿ ತೆರೆದ. ಫೋಲ್ಡರ್ ಇತ್ತು. ಅಷ್ಟನ್ನು ಕಂಡರೂ ನಂಬಿಕೆ ಸಾಲದೆ ಒಂದು ಕಥೆಯನ್ನು ಹಾಕಿದ. ಮೊದಲು ಕೇಳಿಸಿದ್ದು ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮು, ಕತ್ತರಿಗೆ ಸಿಗದೆ ಉಳಿದದ್ದು. ಆಮೇಲೆ ಅತ್ತೆ ಓದತೊಡಗಿದರು.

“ಆ ಕೆಮ್ಮನ್ನ ತೆಗೀತೀಯ?” ಅಕ್ಕ ಕೇಳಿದಳು.

ಅವನು ಇಲ್ಲವೆಂದು ತಲೆಯಾಡಿಸಿ, ಇನ್ನೊಂದು ಪ್ರತಿ ತೆಗೆದು ಎಲ್ಲಿಗೂ ಸಿಕ್ಕಿಸದೆ ಬೀರುವಿನಲ್ಲಿಡಲು ಬೇರೆ ಡಿಸ್ಕ್ ಹುಡುಕತೊಡಗಿದ.